ಎಫ್/22ರಲ್ಲಿ ವಿಡಿಯೊ ಯಾಕೆ ಸಾಫ್ಟ್ ಆಗುತ್ತದೆ? ಬಳ್ಳಾರಿ ಬಿಸಿಲು, ಸಣ್ಣ ಅಪರ್ಚರ್, ಎನ್‌ಡಿ ಲೆಕ್ಕ

ಕೋಟೆಗುಡ್ಡ_ಬಳ್ಳಾರಿ

ಎಪಿಎಸ್-ಸಿ ಸೆನ್ಸರ್ ಕ್ಯಾಮೆರಾ, ಜೊತೆಗೆ ಬರುವ 18-55 ಕಿಟ್ ಲೆನ್ಸ್. 4ಕೆ, 25 ಫ್ರೇಮ್, ಶಟರ್ 1/50, ಐಎಸ್‌ಒ 100, ಪ್ರೊಫೈಲ್ ಸ್ಟ್ಯಾಂಡರ್ಡ್. ಮಧ್ಯಾಹ್ನದ ಬಿಸಿಲಲ್ಲಿ ಕೋಟೆ ಗುಡ್ಡದ ಬಂಡೆ ಶೂಟ್ ಮಾಡಬೇಕಂದ್ರೆ ಎಕ್ಸ್‌ಪೋಜರ್ ಸರಿ ಬರೋದು ಎಫ್/22ರಲ್ಲೇ, ಅಂದ್ರೆ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯೋ ರಂಧ್ರ) ತುಂಬಾ ಸಣ್ಣದಾದಾಗ. ಟ್ರೈಪಾಡ್ ಮೇಲೈತೆ, ಫೋಕಸ್ ಮ್ಯಾನ್ಯುಯಲ್, ಹಿಗ್ಗಿಸಿ ನೋಡಿ ಇಟ್ಟಿರೋದು. ಆದ್ರೂ ಬಂಡೆ ಮೇಲಿನ ಹರಳು, ಬಿರುಕು, ಕೋಟೆ ಗೋಡೆಯ ಕಲ್ಲಿನ ಸಂದಿ ಎಲ್ಲ ಒರೆಸಿದಂಗೆ ಕಾಣ್ತೈತೆ. ಅದೇ ಲೆನ್ಸು ಸಂಜೆ ಎಫ್/5.6ರಲ್ಲಿ ಚೊಕ್ಕಟ. ಅಪರ್ಚರ್ ಸಣ್ಣದಾದಷ್ಟೂ ಶಾರ್ಪ್ ಅಂತ ಎಲ್ಲರೂ ಹೇಳ್ತಾರೆ, ಇಲ್ಲಿ ಉಲ್ಟಾ ಆಗ್ತೈತೆ. ಲೆನ್ಸ್ ಬದಲಿಸಬೇಕಾ?

ಎಡದಂಡೆ_ಮುನಿರಾಬಾದ್

ಬದಲಿಸಬೇಡಿ. ಎಷ್ಟೇ ದುಬಾರಿ ಲೆನ್ಸ್ ತಂದು ಎಫ್/22ಕ್ಕೆ ಇಟ್ಟರೂ ಇದೇ ಚಿತ್ರ ಬರುತ್ತದೆ. ಇದು ಗಾಜಿನ ದೋಷವಲ್ಲ, ಬೆಳಕಿನ ಗುಣ.

ಬೆಳಕು ಅಲೆಯಾಗಿ ಚಲಿಸುತ್ತದೆ. ಕಾಲುವೆಯ ನೀರಿನಲ್ಲಿ ಎದ್ದ ಅಲೆ ಅಗಲವಾದ ತೂಬಿನಿಂದ ಹೊರಬಂದರೆ ನೆಟ್ಟಗೆ ಸಾಗುತ್ತದೆ, ಕಿರಿದಾದ ಸಂದಿಯಿಂದ ಬಂದರೆ ಕಮಾನಾಗಿ ಎಲ್ಲ ಕಡೆಗೂ ಹರಡಿಕೊಳ್ಳುತ್ತದೆ. ಅಪರ್ಚರ್ ಅಂಚಿನಲ್ಲಿ ಬೆಳಕಿಗೂ ಇದೇ ಆಗುತ್ತದೆ. ಇದನ್ನೇ ವಿವರ್ತನೆ ಅಥವಾ ಡಿಫ್ರಾಕ್ಷನ್ ಅನ್ನುವುದು. ರಂಧ್ರ ದೊಡ್ಡದಿದ್ದಾಗಲೂ ಇದು ಇದ್ದೇ ಇರುತ್ತದೆ. ಆದರೆ ಹರಡುವಿಕೆ ಕಡಿಮೆ, ಕಣ್ಣಿಗೆ ಬೀಳುವುದಿಲ್ಲ.

ಹೀಗಾಗಿ ದೂರದ ಒಂದು ಬಿಂದು ಸೆನ್ಸರ್ ಮೇಲೆ ಬಿಂದುವಾಗಿ ಬೀಳುವುದೇ ಇಲ್ಲ. ಸಣ್ಣದೊಂದು ಬೆಳಕಿನ ಬಿಲ್ಲೆಯಾಗಿ, ಸುತ್ತ ಮಂಕು ಉಂಗುರಗಳೊಂದಿಗೆ ಬೀಳುತ್ತದೆ. ಇಂಗ್ಲೆಂಡಿನ ಜಾರ್ಜ್ ಬಿಡೆಲ್ ಏರಿ 1835ರಲ್ಲಿ ಇದರ ಗಣಿತವನ್ನು ಬಿಡಿಸಿದ್ದರಿಂದ ಅದಕ್ಕೆ ಏರಿ ಡಿಸ್ಕ್ ಎಂದು ಹೆಸರು. ಅದರ ವ್ಯಾಸ 2.44 × ಬೆಳಕಿನ ತರಂಗಾಂತರ × ಎಫ್ ಸಂಖ್ಯೆ. ಹಸಿರು ಬೆಳಕಿಗೆ ತರಂಗಾಂತರ ಸುಮಾರು 0.55 ಮೈಕ್ರಾನ್. ಅಂದರೆ ಎಫ್ ಸಂಖ್ಯೆಯನ್ನು 1.34ರಿಂದ ಗುಣಿಸಿದರೆ ಉತ್ತರ ಮೈಕ್ರಾನಿನಲ್ಲಿ ಸಿಗುತ್ತದೆ:

ಎಫ್/4 – 5.4
ಎಫ್/5.6 – 7.5
ಎಫ್/8 – 10.7
ಎಫ್/11 – 14.8
ಎಫ್/16 – 21.5
ಎಫ್/22 – 29.5

ನಿಮ್ಮ ಸೆನ್ಸರ್ ಅಗಲ ಸುಮಾರು 23.5 ಮಿ.ಮೀ. ಅದರಲ್ಲಿ 4ಕೆಯ 3840 ಪಿಕ್ಸೆಲ್ ಹಂಚಿದರೆ ಒಂದೊಂದಕ್ಕೆ 6.1 ಮೈಕ್ರಾನ್. ಎಫ್/22ರಲ್ಲಿ ಒಂದು ಹರಳಿನ ಹೊಳಪು ಐದು ಪಿಕ್ಸೆಲ್ ಅಗಲಕ್ಕೆ ಹರಡಿಕೊಂಡಿದೆ. ಪಕ್ಕದ ಹರಳಿನದ್ದೂ ಅಷ್ಟೇ. ಎರಡೂ ಒಂದರ ಮೇಲೊಂದು ಬಿದ್ದಿವೆ. ನೀವು ನೋಡುತ್ತಿರುವ ‘ಒರೆಸಿದಂಗೆ’ ಅದೇ.

"ಸಣ್ಣದಾದಷ್ಟೂ ಶಾರ್ಪ್" ಅನ್ನುವ ಮಾತು ಅರ್ಧ ದೂರದವರೆಗೆ ನಿಜ. ಪೂರ್ತಿ ತೆರೆದಾಗ ಲೆನ್ಸಿನ ಅಂಚಿನಿಂದ ಬಂದ ಕಿರಣಗಳು ಸರಿಯಾಗಿ ಒಂದೆಡೆ ಸೇರುವುದಿಲ್ಲ. ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು) ಮುಚ್ಚಿದರೆ ಆ ಕಿರಣಗಳು ಕತ್ತರಿಸಿ ಹೋಗಿ ಚಿತ್ರ ಚುರುಕಾಗುತ್ತದೆ. ಕಿಟ್ ಲೆನ್ಸ್‌ಗಳಲ್ಲಿ ಈ ಲಾಭ ಎಫ್/5.6ರಿಂದ ಎಫ್/8ರ ಹೊತ್ತಿಗೆ ಮುಗಿದಿರುತ್ತದೆ. ಅಲ್ಲಿಂದ ಮುಂದೆ ಮುಚ್ಚಿದಷ್ಟೂ ನಷ್ಟವೇ.

ಕೋಟೆಗುಡ್ಡ_ಬಳ್ಳಾರಿ

ಅರ್ಥ ಆಯ್ತು. ಒಂದು ಅನುಮಾನ: 55 ಮಿ.ಮೀ.ಗೆ ಝೂಮ್ ಮಾಡಿದ್ರೆ ಎಫ್/22ರಲ್ಲೂ ರಂಧ್ರ 18 ಮಿ.ಮೀ.ಗಿಂತ ದೊಡ್ಡದಿರುತ್ತಲ್ಲ? ಅವಾಗ ಹರಡೋದು ಕಡಿಮೆ ಆಗಬೇಕಲ್ವಾ?

ಎಡದಂಡೆ_ಮುನಿರಾಬಾದ್

ರಂಧ್ರ ದೊಡ್ಡದಿರುತ್ತದೆ, ನಿಜ. 18ರಲ್ಲಿ 0.8 ಮಿ.ಮೀ., 55ರಲ್ಲಿ 2.5 ಮಿ.ಮೀ. ದೊಡ್ಡ ರಂಧ್ರದಿಂದ ಬೆಳಕು ಕಡಿಮೆ ಕೋನದಲ್ಲಿ ಹರಡುತ್ತದೆ, ಅದೂ ನಿಜ. ಆದರೆ ಫೋಕಲ್ ಲೆಂತ್ ಹೆಚ್ಚಾದಷ್ಟೇ ಪ್ರಮಾಣದಲ್ಲಿ ಆ ಹರಡುವಿಕೆ ಸೆನ್ಸರ್ ತಲುಪುವ ದೂರವೂ ಹೆಚ್ಚುತ್ತದೆ. ಎರಡೂ ಸರಿಸಮ ಆಗಿ ಉಳಿಯುವುದು ಎಫ್ ಸಂಖ್ಯೆ ಒಂದೇ. ಅದಕ್ಕೇ ಸೂತ್ರದಲ್ಲಿ ಫೋಕಲ್ ಲೆಂತ್ ಕಾಣಿಸುವುದಿಲ್ಲ.

ಸೋನಾಮಸೂರಿ_ರಾಯಚೂರು

ಡಿಸ್ಕ್ ಎಷ್ಟು ಪಿಕ್ಸೆಲ್ ಅಗಲ ಅನ್ನುವುದು ಕಣ್ಣಿಗೆ ಕಟ್ಟುವ ಲೆಕ್ಕ, ಆದರೆ ಅದೊಂದನ್ನೇ ನೋಡಿದರೆ ಎಫ್/5.6ಕ್ಕೇ ಹೆದರಿ ಕೂರಬೇಕಾಗುತ್ತದೆ. ಡಿಸ್ಕಿನ ಬೆಳಕಿನಲ್ಲಿ ಹೆಚ್ಚಿನ ಪಾಲು ನಡುವೆಯೇ ಇರುತ್ತದೆ, ಅಂಚು ಮಂಕು. ಆದ್ದರಿಂದ ಕಾಂಟ್ರಾಸ್ಟ್ ಲೆಕ್ಕ ಹೆಚ್ಚು ಉಪಯೋಗಿ.

4ಕೆ ಹಿಡಿಯಬಲ್ಲ ಅತಿ ಸಣ್ಣ ವಿವರವೆಂದರೆ ಒಂದು ಪಿಕ್ಸೆಲ್ ಕಪ್ಪು, ಪಕ್ಕದ್ದು ಬಿಳಿ. ಆ ಕಪ್ಪು–ಬಿಳಿ ಅಂತರದಲ್ಲಿ ಶೇಕಡ ಎಷ್ಟು ಸೆನ್ಸರ್ ತಲುಪುತ್ತದೆ? ಲೆನ್ಸ್ ಗಾಜು ಪರಿಪೂರ್ಣ ಎಂದಿಟ್ಟುಕೊಂಡು, ಡಿಫ್ರಾಕ್ಷನ್ ಒಂದನ್ನೇ ಲೆಕ್ಕಕ್ಕೆ ಹಿಡಿದರೆ ಹಸಿರು ಬೆಳಕಿಗೆ ಸುಮಾರು ಹೀಗೆ ಬರುತ್ತದೆ.

ಫುಲ್ ಫ್ರೇಮ್, 36 ಮಿ.ಮೀ. ಅಗಲ: ಎಫ್/5.6ರಲ್ಲಿ 79, ಎಫ್/8ರಲ್ಲಿ 70, ಎಫ್/11ರಲ್ಲಿ 60, ಎಫ್/16ರಲ್ಲಿ 42, ಎಫ್/22ರಲ್ಲಿ 24.

ಎಪಿಎಸ್-ಸಿ: ಎಫ್/5.6ರಲ್ಲಿ 68, ಎಫ್/8ರಲ್ಲಿ 55, ಎಫ್/11ರಲ್ಲಿ 40, ಎಫ್/16ರಲ್ಲಿ 17, ಎಫ್/22ರಲ್ಲಿ ಹೆಚ್ಚುಕಡಿಮೆ ಸೊನ್ನೆ.

ಮೈಕ್ರೋ ಫೋರ್ ಥರ್ಡ್ಸ್, 17.3 ಮಿ.ಮೀ.: ಎಫ್/5.6ರಲ್ಲಿ 57, ಎಫ್/8ರಲ್ಲಿ 40, ಎಫ್/11ರಲ್ಲಿ 21, ಎಫ್/16ರಲ್ಲಿ ಸೊನ್ನೆ.

ಒಂದು ಇಂಚಿನ ಸೆನ್ಸರ್, 13.2 ಮಿ.ಮೀ.: ಎಫ್/5.6ರಲ್ಲಿ 45, ಎಫ್/11ರಲ್ಲಿ 5.

ಸೊನ್ನೆ ಅಂದರೆ ಸೊನ್ನೆಯೇ. ಆ ವಿವರ ಸೆನ್ಸರ್‌ವರೆಗೆ ಬಂದೇ ಇಲ್ಲ. ನಿಮ್ಮ ಕ್ಯಾಮೆರಾ ಎಫ್/22ರಲ್ಲಿ 4ಕೆ ಫೈಲ್ ಬರೆಯುತ್ತದೆ, ಕಾರ್ಡ್ ತುಂಬುತ್ತದೆ, ಆದರೆ ಒಳಗೆ 4ಕೆ ವಿವರ ಇಲ್ಲ.

ಮದುವೆ, ಜಾತ್ರೆ ಕೆಲಸದಲ್ಲಿ ಇನ್ನೂ ಓಡಾಡುತ್ತಿರುವ 1/3 ಇಂಚಿನ ಹಳೆಯ ಕ್ಯಾಮ್‌ಕಾರ್ಡರ್‌ಗಳ ಸ್ಥಿತಿ ಇನ್ನೂ ಬಿಗಿ. ಅವುಗಳ ಸೆನ್ಸರ್ ಅಗಲ 4.8 ಮಿ.ಮೀ. ಮಾತ್ರ. ಬರೀ ಫುಲ್ ಎಚ್‌ಡಿ ತೆಗೆದರೂ ಎಫ್/8ರಲ್ಲಿ ಉಳಿಯುವುದು ಶೇಕಡ 5ರಷ್ಟು, ಎಫ್/11ರಲ್ಲಿ ಏನೂ ಇಲ್ಲ. ಅಂಥ ಕ್ಯಾಮೆರಾಗಳ ಮೈಮೇಲೆ ಎನ್‌ಡಿ (ಬೆಳಕನ್ನಷ್ಟೇ ತಗ್ಗಿಸುವ ಬೂದು ಫಿಲ್ಟರ್) ಸ್ವಿಚ್ ಕೊಟ್ಟಿರುವುದೇ ಈ ಕಾರಣಕ್ಕೆ. ವ್ಯೂಫೈಂಡರಿನಲ್ಲಿ ಎನ್‌ಡಿ ಗುರುತು ಮಿನುಗಿದರೆ ದಯವಿಟ್ಟು ಅದನ್ನು ಅಲಕ್ಷಿಸಬೇಡಿ. ಐರಿಸ್ (ಅಪರ್ಚರ್) ಆಟೋದಲ್ಲಿ ಬಿಟ್ಟು, ಎನ್‌ಡಿ ಹಾಕದೆ ತೆಗೆದ ಬಯಲಿನ ಫುಟೇಜ್ ಮಂಕಾಗುವುದಕ್ಕೆ ಕ್ಯಾಮೆರಾ ಹಳೆಯದಾಗಿದೆ ಅನ್ನುವುದು ಯಾವಾಗಲೂ ಕಾರಣವಲ್ಲ.

ಬಿಸಿಲುನಾಡು

ಲೆಕ್ಕ ಸರಿ ಇರಬಹುದು. ಆದರೆ ನೋಡುವವರಲ್ಲಿ ಹೆಚ್ಚಿನವರು ಮೊಬೈಲ್‌ನಲ್ಲಿ, ಯೂಟ್ಯೂಬ್‌ನಲ್ಲಿ ನೋಡುತ್ತಾರೆ. ಅಲ್ಲಿ ಪಿಕ್ಸೆಲ್ ಮಟ್ಟದ ವಿವರ ಯಾರಿಗೆ ಕಾಣುತ್ತದೆ? ಇನ್ನೊಂದು, ಹಳೆಯ ಕಾಲದ ದೊಡ್ಡ ಛಾಯಾಗ್ರಾಹಕರು ಎಫ್/64ರಲ್ಲೇ ತೆಗೆಯುತ್ತಿದ್ದರಲ್ಲ. ಆ ಚಿತ್ರಗಳು ಯಾಕೆ ಸಾಫ್ಟ್ ಆಗಲಿಲ್ಲ?

ಸೋನಾಮಸೂರಿ_ರಾಯಚೂರು

ಎರಡನೆಯ ಪ್ರಶ್ನೆ ಚೆನ್ನಾಗಿದೆ, ಮೊದಲು ಅದನ್ನೇ ತೆಗೆದುಕೊಳ್ಳೋಣ. ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರು 1932ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಟ್ಟಿಕೊಂಡ ಗುಂಪಿನ ಹೆಸರೇ ಎಫ್/64. ಅವರು ಬಳಸುತ್ತಿದ್ದದ್ದು 8×10 ಇಂಚಿನಂಥ ದೊಡ್ಡ ಹಾಳೆ ಫಿಲ್ಮ್. ಎಫ್/64ರಲ್ಲಿ ಡಿಸ್ಕ್ 86 ಮೈಕ್ರಾನ್ ಆಗುತ್ತದೆ, ನಮ್ಮ ಲೆಕ್ಕದಲ್ಲಿ ಅದು ಘೋರ. ಆದರೆ ಅವರ ಫಿಲ್ಮ್ 254 ಮಿ.ಮೀ. ಅಗಲ. ಫುಲ್ ಫ್ರೇಮ್ ಸೆನ್ಸರಿಗಿಂತ ಏಳು ಪಟ್ಟು. ಅಷ್ಟು ದೊಡ್ಡ ನೆಗೆಟಿವ್‌ನಿಂದ ಅದೇ ಅಳತೆಯ ಪ್ರಿಂಟ್ ತೆಗೆದರೆ ಹಿಗ್ಗಿಸುವ ಪ್ರಶ್ನೆಯೇ ಇಲ್ಲ. ಅವರ ಎಫ್/64 ಅಂದರೆ ಫುಲ್ ಫ್ರೇಮ್‌ನಲ್ಲಿ ಎಫ್/9, ಎಪಿಎಸ್-ಸಿಯಲ್ಲಿ ಸುಮಾರು ಎಫ್/6. ನಾವು ಇಲ್ಲಿ ಇಡಿ ಅನ್ನುತ್ತಿರುವ ಅಪರ್ಚರ್‌ಗೂ ಅವರದ್ದಕ್ಕೂ ಜಗಳವೇ ಇಲ್ಲ.

ಇದರಿಂದಲೇ ಇನ್ನೊಂದು ವಿಷಯ ಹೊರಡುತ್ತದೆ. ಒಂದೇ ಫ್ರೇಮಿಂಗ್, ಒಂದೇ ಡೆಪ್ತ್ ಆಫ್ ಫೀಲ್ಡ್ (ಫೋಕಸ್‌ನಲ್ಲಿ ಕಾಣುವ ಆಳ) ಬೇಕೆಂದರೆ ಫುಲ್ ಫ್ರೇಮ್‌ನ ಎಫ್/11ಕ್ಕೆ ಎಪಿಎಸ್-ಸಿಯಲ್ಲಿ ಎಫ್/7ರ ಆಸುಪಾಸು, ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಎಫ್/5.3, ಒಂದು ಇಂಚಿನಲ್ಲಿ ಎಫ್/4 ಸಾಕು. ಆ ಅಪರ್ಚರ್‌ಗಳಲ್ಲಿ ಡಿಫ್ರಾಕ್ಷನ್ ನಷ್ಟವೂ ನಾಲ್ಕರಲ್ಲೂ ಒಂದೇ. ಸಣ್ಣ ಸೆನ್ಸರ್ ಅಂದರೆ ಡಿಫ್ರಾಕ್ಷನ್ ಜಾಸ್ತಿ ಎಂಬ ದೂರು ಬರುವುದು ಫುಲ್ ಫ್ರೇಮ್‌ನ ಎಫ್ ಸಂಖ್ಯೆಯನ್ನೇ ಹಾಗೇ ಎತ್ತಿ ಸಣ್ಣ ಸೆನ್ಸರಿಗೆ ಹಾಕಿದಾಗ.

ಈಗ ಯೂಟ್ಯೂಬ್. ಫುಲ್ ಎಚ್‌ಡಿಗೆ ಇಳಿಸಿದರೆ ಎಪಿಎಸ್-ಸಿಯಲ್ಲಿ ಎಫ್/22ರಲ್ಲೂ ಅತಿ ಸಣ್ಣ ವಿವರದ ಕಾಂಟ್ರಾಸ್ಟ್ ಶೇಕಡ 40ರಷ್ಟು ಉಳಿಯುತ್ತದೆ, ಒಪ್ಪುತ್ತೇನೆ. ಎಫ್/8ರಲ್ಲಿ ಅದು 77. ಆದರೆ ಅಪ್‌ಲೋಡ್ ಆದ ಮೇಲೆ ಮತ್ತೆ ಕಂಪ್ರೆಸ್ ಆಗುತ್ತದೆ, ಆಗ ಮೊದಲು ಬಿಸಾಕುವುದು ಕಾಂಟ್ರಾಸ್ಟ್ ಕಡಿಮೆ ಇರುವ ಸಣ್ಣ ವಿವರವನ್ನೇ. ಬಂಡೆಯ ಕಾಳು, ಹುಲ್ಲು, ಭತ್ತದ ಗದ್ದೆ, ಜನರ ಗುಂಪು. ಎಫ್/8ರಲ್ಲಿ ಗಟ್ಟಿಯಾಗಿ ಬಂದದ್ದು ಕಂಪ್ರೆಷನ್ ದಾಟಿ ಉಳಿಯುತ್ತದೆ, ಎಫ್/22ರಲ್ಲಿ ಅರೆಬರೆ ಬಂದದ್ದು ಅಲ್ಲಿ ಪೂರ್ತಿ ಕರಗುತ್ತದೆ. ಮೊಬೈಲ್‌ನಲ್ಲೂ ವ್ಯತ್ಯಾಸ ಕಾಣುವುದು ಹೀಗೆ.

ಹೈದರಾಬಾದ್_ರಸ್ತೆ

ಒಂದು ಎಚ್ಚರಿಕೆ ಸೇರಿಸುತ್ತೇನೆ. ನಮ್ಮ ಕಡೆ ಮಧ್ಯಾಹ್ನದ ಸಾಫ್ಟ್ ಚಿತ್ರಕ್ಕೆಲ್ಲ ಡಿಫ್ರಾಕ್ಷನ್ನೇ ಕಾರಣ ಅಂದುಕೊಂಡರೆ ತಪ್ಪು ರೋಗಕ್ಕೆ ಔಷಧಿ ಕೊಟ್ಟಂತೆ. ಮಾರ್ಚ್‌ನಿಂದ ಮೇವರೆಗೆ ರಾಯಚೂರು, ಬಳ್ಳಾರಿ ಎರಡೂ ಕಡೆ 40 ಡಿಗ್ರಿ ದಾಟುತ್ತದೆ. ಕಾದ ನೆಲ, ಬಂಡೆ, ಡಾಂಬರಿನ ಮೇಲೆ ಬಿಸಿಗಾಳಿ ಏಳುತ್ತಿರುತ್ತದೆ. ಬಿಸಿ, ತಣ್ಣನೆ ಗಾಳಿಯ ಪದರಗಳು ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುತ್ತವೆ. ಅರ್ಧ ಕಿಲೋಮೀಟರ್ ದೂರದ ಗೋಡೆಯನ್ನು 55ರಲ್ಲೋ 200ರಲ್ಲೋ ಹಿಡಿದರೆ ಎಫ್/5.6 ಇದ್ದರೂ ಅದು ಕಲಸಿಹೋಗುತ್ತದೆ.

ಎರಡನ್ನೂ ಬೇರ್ಪಡಿಸುವುದು ಸುಲಭ. ಡಿಫ್ರಾಕ್ಷನ್ ನಿಂತ ನೀರಿನ ಹಾಗೆ ಎಲ್ಲ ಫ್ರೇಮಿನಲ್ಲೂ ಒಂದೇ ಥರ, ನಡುವೆ, ಅಂಚಿನಲ್ಲಿ, ಹತ್ತಿರದ ಕಲ್ಲಿನಲ್ಲಿ, ದೂರದ ಕಲ್ಲಿನಲ್ಲಿ ಎಲ್ಲ ಕಡೆ ಸಮವಾಗಿ ಇರುತ್ತದೆ. ಬಿಸಿಗಾಳಿಯದ್ದು ದೂರದ್ದಕ್ಕೆ ಮಾತ್ರ, ಅದೂ ನಡುಗುತ್ತದೆ. ಟೈಮ್‌ಲೈನ್‌ನಲ್ಲಿ ಒಂದೊಂದೇ ಫ್ರೇಮ್ ಮುಂದೆ ಹೋದರೆ ಗೋಡೆಯ ಅಂಚು ಜಾಗ ಬದಲಿಸುತ್ತಿರುವುದು ಕಾಣುತ್ತದೆ. ಅದಕ್ಕೆ ಫಿಲ್ಟರ್ ಇಲ್ಲ. ಬೆಳಿಗ್ಗೆ 9ರೊಳಗೆ ಶೂಟ್ ಮಾಡುವುದು, ಎತ್ತರದಿಂದ ನೋಡುವುದು, ದೂರ ಕಡಿಮೆ ಮಾಡಿ ವೈಡ್ ಲೆನ್ಸ್ ಹಾಕುವುದು, ಇಷ್ಟೇ.

ಕಿನ್ನಾಳ_ದಾರಿ

ಖಾತ್ರಿ ಮಾಡ್ಕೋಬೇಕಂದ್ರ ಒಂದು ಪರೀಕ್ಷೆ ಐತಿ, ಮನ್ಯಾಗ ಮಾಡಬಹುದು. ದಿನಪತ್ರಿಕೆಯ ಸಣ್ಣ ಅಕ್ಷರದ ಪುಟ, ವರ್ಗೀಕೃತ ಜಾಹೀರಾತಿನ ಪುಟ ಆದ್ರ ಚಲೋ, ಅದನ್ನ ನೆರಳಿನ ಗೋಡೆಗೆ ಸಪಾಟಾಗಿ ಹಚ್ಚರಿ. ಒಂದು ನಡುವ, ಒಂದು ಫ್ರೇಮಿನ ಮೂಲ್ಯಾಗ. ಹೊರಗಿನ ಬೆಳಕಿನ್ಯಾಗ ಮಾಡ್ರಿ, ಎಲ್‌ಇಡಿ ದೀಪದ ಕೆಳಗ ಬ್ಯಾಡ, ಯಾಕಂದ್ರ ಶಟರ್ ಬದಲಿಸ್ತೀವಿ, ಮಿಣುಕು ಬರ್ತದ. ಟ್ರೈಪಾಡ್ ಮ್ಯಾಲ ಸ್ಟೆಬಿಲೈಸೇಷನ್ ಬಂದ್. ಎರಡರಿಂದ ಮೂರು ಮೀಟರ್ ದೂರ.

ಎಫ್/4ರಿಂದ ಎಫ್/22ರತನಕ ಒಂದೊಂದ ಸ್ಟಾಪ್ ಹೋಗ್ರಿ, ಒಂದೊಂದಕ್ಕ 5 ಸೆಕೆಂಡ್. ಐಎಸ್‌ಒ ಮುಟ್ಟಬ್ಯಾಡ್ರಿ, ಶಟರಿನಿಂದ ಬೆಳಕು ಸರಿ ಮಾಡ್ರಿ. ಐಎಸ್‌ಒ ಏರಿಸಿದ್ರ ಕ್ಯಾಮೆರಾದೊಳಗಿನ ನಾಯ್ಸ್ ರಿಡಕ್ಷನ್ ಅಕ್ಷರ ಸವರಿಬಿಡ್ತದ, ಆಮ್ಯಾಲ ಯಾವುದರಿಂದ ಸಾಫ್ಟ್ ಆತು ತಿಳಿಯಂಗಿಲ್ಲ. ಪ್ರತಿ ಸ್ಟಾಪಿಗೆ ಹಿಗ್ಗಿಸಿ ಫೋಕಸ್ ಹೊಸದಾಗಿ ಮಾಡ್ರಿ, ಕೆಲವು ಲೆನ್ಸಿನ್ಯಾಗ ಅಪರ್ಚರ್ ಮುಚ್ಚಿದಂಗ ಫೋಕಸ್ ತುಸು ಸರೀತದ. ಕ್ಯಾಮೆರಾದ ಶಾರ್ಪ್‌ನೆಸ್ ಕನಿಷ್ಠಕ್ಕ ಇಳಿಸ್ರಿ, ಇಲ್ಲಾಂದ್ರ ಅದು ದಪ್ಪ ಗೆರೆ ಎಳದು ಸುಳ್ಳು ಹೇಳ್ತದ.

ಕಂಪ್ಯೂಟರಿನ್ಯಾಗ ನೂರಕ್ಕ ನೂರು ಅಳತ್ಯಾಗ ನೋಡ್ರಿ. ಎಫ್/8ರತನಕ ಚಲೋ ಇದ್ದು, ಮುಂದ ನಡುವ-ಮೂಲಿ ಎರಡೂ ಒಂದೇ ಸವನೆ ಮಸುಕಾದ್ರ ಡಿಫ್ರಾಕ್ಷನ್. ಎಲ್ಲಾ ಸ್ಟಾಪಿನ್ಯಾಗೂ ಒಂದೇ ಥರ ಮಸುಕಿದ್ರ ಫೋಕಸ್, ಬಿಟ್‌ರೇಟ್, ಇಲ್ಲಾ ಲೆನ್ಸಿನ ಮ್ಯಾಲಿನ ಎಣ್ಣೆ ಬೆರಳು. ಒಂದು ಮೂಲಿ ಅಷ್ಟ ಮಸುಕಿದ್ರ ಲೆನ್ಸಿನೊಳಗಿನ ಗಾಜು ವಾರೆ ಆಗೇತಿ. ಅವಾಗ ಮಾತ್ರ ಅಂಗಡಿಗೆ ಒಯ್ಯರಿ.

ಎಡದಂಡೆ_ಮುನಿರಾಬಾದ್

ಈಗ ಪರಿಹಾರ. ವಿಡಿಯೊದಲ್ಲಿ ಅಪರ್ಚರನ್ನು ಬೆಳಕಿನ ನಲ್ಲಿಯಾಗಿ ಬಳಸಬಾರದು. ಸ್ಟಿಲ್ ತೆಗೆಯುವವರಿಗೆ ಬೆಳಕು ಹೆಚ್ಚಾದರೆ ಶಟರ್ 1/2000ಕ್ಕೆ ಏರಿಸುವ ದಾರಿ ಇದೆ. ವಿಡಿಯೊದಲ್ಲಿ 25 ಫ್ರೇಮ್‌ಗೆ ಶಟರ್ 1/50ರಲ್ಲಿ ಕಟ್ಟಿಹಾಕಿರುತ್ತೇವೆ, ಚಲನೆ ಸಹಜವಾಗಿ ಕಾಣಲಿ ಅಂತ. ಐಎಸ್‌ಒ ಕೆಳಗಿನ ಮಿತಿಯಲ್ಲಿದೆ. ಉಳಿದದ್ದು ಅಪರ್ಚರ್ ಒಂದೇ, ಅದಕ್ಕೇ ಎಲ್ಲರೂ ಅದನ್ನು ಮುಚ್ಚುತ್ತಾರೆ. ಮುಚ್ಚುವ ಬದಲು ಲೆನ್ಸ್ ಮುಂದೆ ಎನ್‌ಡಿ ಫಿಲ್ಟರ್ ಹಾಕಬೇಕು.

ಎಷ್ಟು ಗಾಢ ಬೇಕು? ನೇರ ಬಿಸಿಲಿಗೆ ಹಳೆಯ ನಿಯಮ: ಎಫ್/16ರಲ್ಲಿ ಶಟರ್ ಐಎಸ್‌ಒ ಸಂಖ್ಯೆಯಷ್ಟು. ಐಎಸ್‌ಒ 100ಕ್ಕೆ 1/100. ಶಟರ್ 1/50 ಆದರೆ ಎಫ್/22. ನಿಮಗೆ ಬಂದಿರುವುದೂ ಅದೇ. ಎಫ್/22ರಿಂದ 16, 11, 8, 5.6: ನಾಲ್ಕು ಸ್ಟಾಪ್. ನಾಲ್ಕು ಸ್ಟಾಪ್ ಅಂದರೆ ಎನ್‌ಡಿ16, ಡಬ್ಬಿಯ ಮೇಲೆ 1.2 ಎಂದೂ ಬರೆದಿರುತ್ತದೆ. ಎಫ್/8 ಸಾಕೆಂದರೆ ಎನ್‌ಡಿ8, ಅಂದರೆ 0.9.

ಲಾಗ್ ಪ್ರೊಫೈಲ್‌ಗೆ (ಆಮೇಲೆ ಬಣ್ಣ ತಿದ್ದಲೆಂದು ಕಾಂಟ್ರಾಸ್ಟ್ ತಗ್ಗಿಸಿ ತೆಗೆಯುವ ವಿಧಾನ) ಹೋದರೆ ಲೆಕ್ಕ ಬದಲಾಗುತ್ತದೆ. ಹಲವು ಕ್ಯಾಮೆರಾಗಳಲ್ಲಿ ಲಾಗ್‌ನ ಕನಿಷ್ಠ ಐಎಸ್‌ಒ 800ರ ಆಸುಪಾಸು. ಅದೇ ಬಿಸಿಲಿಗೆ 1/50ರಲ್ಲಿ ಎಫ್/64 ಬೇಕಾಗುತ್ತದೆ, ಅಂಥ ಅಪರ್ಚರ್ ಲೆನ್ಸಿನಲ್ಲೇ ಇಲ್ಲ. ಎಫ್/5.6ಕ್ಕೆ ಬರಲು ಏಳು ಸ್ಟಾಪ್, ಎನ್‌ಡಿ128. ಲಾಗನ್ನು ಒಂದು ಸ್ಟಾಪ್ ಬೆಳಗಿಸಿ ತೆಗೆಯುವ ಅಭ್ಯಾಸ ಇದ್ದರೆ ಎನ್‌ಡಿ64. ಹೀಗಾಗಿ ಕೊಳ್ಳುವುದಾದರೆ ಎನ್‌ಡಿ8 ಒಂದು, ಎನ್‌ಡಿ64 ಒಂದು. ಮೊದಲನೆಯದು ಸ್ಟ್ಯಾಂಡರ್ಡ್ ಪ್ರೊಫೈಲಿಗೆ, ಎರಡನೆಯದು ಲಾಗ್‌ಗೆ. ಎನ್‌ಡಿ1000 ನದಿ ನೀರನ್ನು ಹಾಲಿನಂತೆ ತೋರಿಸುವ ಸ್ಟಿಲ್‌ಗಳಿಗೆ, ವಿಡಿಯೊಗೆ ಅಷ್ಟು ಗಾಢ ಬೇಡ.

ಕ್ಯಾಮೆರಾವನ್ನು ಎಂ (ಮ್ಯಾನ್ಯುಯಲ್) ಮೋಡ್‌ನಲ್ಲಿ ಇಡಿ. ಶಟರ್ ಪ್ರಯಾರಿಟಿಯಲ್ಲಿ 1/50 ಕಟ್ಟಿದರೆ ಮೋಡ ಸರಿದ ಕೂಡಲೇ ಕ್ಯಾಮೆರಾ ಕೇಳದೆ ಎಫ್/22ಕ್ಕೆ ಓಡುತ್ತದೆ, ಒಂದೇ ಶಾಟ್‌ನೊಳಗೆ ಅರ್ಧ ಚುರುಕು, ಅರ್ಧ ಮಂಕು.

ಬಿಸಿಲುನಾಡು

ತಿರುಗಿಸಿ ಗಾಢತೆ ಬದಲಿಸುವ ವೇರಿಯಬಲ್ ಎನ್‌ಡಿ ಒಂದೇ ತೆಗೆದುಕೊಂಡರೆ ಎಲ್ಲ ಮುಗಿಯುತ್ತದಲ್ಲ?

ಹೈದರಾಬಾದ್_ರಸ್ತೆ

ಓಡಾಡುವ ಕೆಲಸಕ್ಕೆ, ಮೆರವಣಿಗೆ, ಗವಿಮಠದ ಜಾತ್ರೆಯಂಥ ಜನಜಂಗುಳಿಗೆ ಅದೇ ಅನುಕೂಲ. ಬಿಸಿಲು, ನೆರಳು ನಿಮಿಷಕ್ಕೊಮ್ಮೆ ಬದಲಾಗುವಾಗ ಫಿಲ್ಟರ್ ಬಿಚ್ಚಿ ತಿರುಗಿಸಿ ಕೂರಲಾಗದು. ಆದರೆ ಅದರ ಒಳಗಿರುವುದು ಎರಡು ಪೋಲರೈಸರ್ ಎಂಬುದನ್ನು ಮರೆಯಬಾರದು. ಗರಿಷ್ಠದ ಹತ್ತಿರ ತಿರುಗಿಸಿದರೆ ವೈಡ್ ಲೆನ್ಸಿನಲ್ಲಿ ಅಡ್ಡ ಗುಣಾಕಾರದ ಆಕಾರದ ಕಪ್ಪು ಪಟ್ಟಿ ಬರುತ್ತದೆ. 18 ಮಿ.ಮೀ.ನಲ್ಲಿ ಅದು ಬೇಗ ಕಾಣಿಸುತ್ತದೆ. ನೀಲಿ ಆಕಾಶ ಒಂದು ಬದಿ ಗಾಢ, ಇನ್ನೊಂದು ಬದಿ ತೆಳು ಆಗುತ್ತದೆ, ಪ್ಯಾನ್ ಮಾಡಿದರೆ ಆ ಗಾಢ ಜಾಗ ಸರಿಯುತ್ತಾ ಹೋಗುತ್ತದೆ. ಡ್ಯಾಮಿನ ಹಿನ್ನೀರಿನ ಹೊಳಪೂ ತಿರುಗಿಸಿದಂತೆಲ್ಲ ಏರಿಳಿಯುತ್ತದೆ. 2ರಿಂದ 5 ಸ್ಟಾಪ್‌ಗೆ ಮಿತಿ ಹಾಕಿ, ಎರಡೂ ತುದಿಯಲ್ಲಿ ತಡೆ ಇರುವಂಥದ್ದನ್ನು ಆರಿಸಿ. ಅಗ್ಗದ ವೇರಿಯಬಲ್ ಎನ್‌ಡಿ ಉದ್ದ ಲೆನ್ಸಿನ ಮೇಲೆ ತಾನೇ ಚಿತ್ರವನ್ನು ಸಾಫ್ಟ್ ಮಾಡುತ್ತದೆ. ಡಿಫ್ರಾಕ್ಷನ್ ತಪ್ಪಿಸಲು ಹೋಗಿ ಕಳಪೆ ಗಾಜು ಹಾಕಿದರೆ ಬಂದ ಭಾಗ್ಯ ಏನು?

ಗಾಢವಾದ ಫಿಕ್ಸೆಡ್ ಎನ್‌ಡಿಗೆ ಇನ್ನೊಂದು ತೊಂದರೆ ಇದೆ. ಅದು ಕಣ್ಣಿಗೆ ಕಾಣುವ ಬೆಳಕನ್ನು ತಡೆಯುತ್ತದೆ, ಇನ್‌ಫ್ರಾರೆಡ್ ಅನ್ನು ಅಷ್ಟಾಗಿ ತಡೆಯದಿರಬಹುದು. ಎನ್‌ಡಿ64ರಿಂದ ಮೇಲೆ ಕಪ್ಪು ಬಟ್ಟೆ ಕಂದು ಕೆಂಪಾಗಿ ಕಂಡರೆ ಅದೇ ಕಾರಣ. ಇನ್‌ಫ್ರಾರೆಡ್ ತಡೆಯಿರುವ ಎನ್‌ಡಿ ಕೇಳಿ ತೆಗೆದುಕೊಳ್ಳಿ. ವೈಟ್ ಬ್ಯಾಲೆನ್ಸನ್ನು ಫಿಲ್ಟರ್ ಹಾಕಿದ ಮೇಲೆಯೇ ಮಾಡಿ. ಬಜೆಟ್ ದೊಡ್ಡದಿದ್ದು ಕ್ಯಾಮೆರಾವನ್ನೇ ಕೊಳ್ಳುವ ಯೋಚನೆ ಇದ್ದರೆ ಒಳಗೇ ಎನ್‌ಡಿ ಇರುವಂಥದ್ದನ್ನು ನೋಡಿ. ಸೋನಿ ಎಫ್‌ಎಕ್ಸ್6ರಲ್ಲಿ 1/4ರಿಂದ 1/128ರವರೆಗೆ ಎಲೆಕ್ಟ್ರಾನಿಕ್ ಎನ್‌ಡಿ ಇದೆ, ಎಫ್‌ಎಕ್ಸ್3ರಲ್ಲಿ ಇಲ್ಲ.

ದೇವಾಲಯ_ಚಕ್ರವರ್ತಿ

ಎಲ್ಲದಕ್ಕೂ ಎನ್‌ಡಿ ಬೇಕಿಲ್ಲ ಎಂಬುದನ್ನೂ ಹೇಳಬೇಕು. 1/50 ಶಟರ್ ಇರುವುದು ಚಲನೆಗಾಗಿ. ಚಲನೆಯೇ ಇಲ್ಲದಿದ್ದರೆ? ಇಟಗಿಯ ಮಹಾದೇವ ದೇವಾಲಯವನ್ನು ತೆಗೆದುಕೊಳ್ಳಿ, 1112ರ ಕಟ್ಟಡ, ಶಿಖರದಿಂದ ಕಂಬದವರೆಗೆ ಬೆರಳಗಲದ ಕೆತ್ತನೆ. ಅಲ್ಲಿ ಉಳಿಸಬೇಕಾದದ್ದು ಆ ಕೆತ್ತನೆಯನ್ನೇ, ಎಫ್/22 ಮೊದಲು ಅಳಿಸುವುದೂ ಅದನ್ನೇ. ಟ್ರೈಪಾಡ್ ಮೇಲೆ ನಿಂತ ಶಾಟ್‌ಗೆ ಶಟರ್ 1/400, ಎಫ್/8, ಐಎಸ್‌ಒ 100 ಇಡಿ. ಕಲ್ಲು ಅಲುಗುವುದಿಲ್ಲ, 1/400 ಯಾರಿಗೂ ಗೊತ್ತಾಗುವುದಿಲ್ಲ. ನಿಧಾನದ ಪ್ಯಾನ್‌ಗೂ ಪರವಾಗಿಲ್ಲ. ಡೊಳ್ಳು ಕುಣಿತ, ತೇರು, ಓಡುವ ನೀರು ಬಂದರೆ ಮಾತ್ರ 1/400 ತಡವರಿಸಿದಂತೆ ಕಾಣುತ್ತದೆ, ಅಲ್ಲಿ ಎನ್‌ಡಿ ಇಲ್ಲದೆ ಗತಿಯಿಲ್ಲ.

"ಮುಂದಿನ ಕಂಬವೂ ಹಿಂದಿನ ಶಿಖರವೂ ಫೋಕಸ್‌ನಲ್ಲಿರಬೇಕು, ಅದಕ್ಕೆ ಎಫ್/22" ಅನ್ನುವವರಿಗೆ: ಎಪಿಎಸ್-ಸಿಯಲ್ಲಿ 18 ಮಿ.ಮೀ., ಎಫ್/8, ಫೋಕಸ್ 4 ಮೀಟರಿಗೆ ಇಟ್ಟರೆ 2 ಮೀಟರಿನಿಂದ ದಿಗಂತದವರೆಗೆ ಚೊಕ್ಕಟ. ಇದು 4ಕೆಗೆ ಬೇಕಾದ ಬಿಗಿ ಅಳತೆಯಲ್ಲಿ (ಬ್ಲರ್ 0.01 ಮಿ.ಮೀ.) ಹಾಕಿದ ಲೆಕ್ಕ. 55ರಲ್ಲಿ ಮಾತ್ರ ಇದು ನಡೆಯುವುದಿಲ್ಲ, ಅಲ್ಲಿ 38 ಮೀಟರಿಗೆ ಫೋಕಸ್ ಇಟ್ಟರೆ 19 ಮೀಟರಿನಿಂದಾಚೆ ಮಾತ್ರ ಸಿಗುತ್ತದೆ. ಹತ್ತಿರದ್ದೂ ಬೇಕೇ ಬೇಕೆಂದರೆ ಎಫ್/11ಕ್ಕೆ ಹೋಗಿ, ಫೋಕಸ್ ತಪ್ಪಿದ ಚಿತ್ರಕ್ಕಿಂತ ಸ್ವಲ್ಪ ಡಿಫ್ರಾಕ್ಷನ್ ವಾಸಿ. ಎಫ್/11 ಮೀರುವುದೇ ಬೇಡ, ಜಾಗ ಬದಲಿಸಿ.

ಸಣ್ಣ ಅಪರ್ಚರ್ ಬೇಕಾಗುವ ಸಂದರ್ಭ ನನಗೆ ತೋಚುವುದು ಒಂದೇ: ರಾತ್ರಿ ದೀಪಗಳಿಗೆ, ಎಲೆಗಳ ನಡುವಿನ ಸೂರ್ಯನಿಗೆ ನಕ್ಷತ್ರದ ಕಿರಣ. ಅದೂ ಡಿಫ್ರಾಕ್ಷನ್ನೇ, ಅಪರ್ಚರ್ ಎಸಳುಗಳ ನೇರ ಅಂಚಿನಿಂದ ಬರುವುದು. 8 ಎಸಳಿದ್ದರೆ 8 ಕಿರಣ, 7 ಇದ್ದರೆ 14.

ಕಿನ್ನಾಳ_ದಾರಿ

ಹತ್ತಿರದ ಶೂಟ್ ಮಾಡೋರು ಇನ್ನೊಂದು ತಿಳ್ಕೋರಿ. ಕಿನ್ನಾಳದ ಗೊಂಬಿ ಮ್ಯಾಲಿನ ಬಣ್ಣದ ಗೆರಿ, ಸಂಡೂರಿನ ಲಂಬಾಣಿ ಕಸೂತಿ ಟಾಕಿ, ಇವನ್ನ ಮ್ಯಾಕ್ರೋ ಲೆನ್ಸಿನ್ಯಾಗ ಹಿಡಿಯೋವಾಗ ರಿಂಗಿನ ಮ್ಯಾಲಿನ ಸಂಖ್ಯೆ ನಂಬಬ್ಯಾಡ್ರಿ. ಹತ್ತಿರ ಹೋದಂಗ ಲೆನ್ಸ್-ಸೆನ್ಸರ್ ದೂರ ಹೆಚ್ಚತದ, ಬೆಳಕು ಹರಡೂದೂ ಹೆಚ್ಚತದ. ಗುಣಿಸೂದು ಹಿಂಗ: ಎಫ್ ಸಂಖ್ಯೆ × (1 + ಹಿಗ್ಗಳಿಕೆ). ಅರ್ಧ ಅಳತಿಗೆ ಎಫ್/8 ಇಟ್ರ ಅದು ಎಫ್/12. ಸಮ ಅಳತಿ, ಒಂದಕ್ಕ ಒಂದು ಅಂದ್ರ ಎಫ್/11 ಹೋಗಿ ಎಫ್/22 ಆಗ್ತದ. ಮ್ಯಾಕ್ರೋದಾಗ ಎಲ್ಲಾ ಫೋಕಸ್‌ನಾಗ ಬರಲಿ ಅಂತ ಎಫ್/16 ಇಟ್ರ ದಾರದ ಎಳಿ ಒಂದೂ ಬಿಡಿಯಾಗಿ ಕಾಣಂಗಿಲ್ಲ. ಎಫ್/5.6 ಇಟ್ಟು, ಕ್ಯಾಮೆರಾ ಬಟ್ಟಿಗೆ ಸಮಾನಾಂತರ ನಿಲ್ಲಸ್ರಿ. ಬಟ್ಟಿ ಸಪಾಟ ಇದ್ರ ಡೆಪ್ತ್ ಬೇಕಾಗಂಗೇ ಇಲ್ಲ. ಟೆಲಿಕನ್ವರ್ಟರ್ ಹಾಕೋರಿಗೂ ಇದೇ ಮಾತು, 2ಎಕ್ಸ್ ಹಾಕಿದ್ರ ಎಫ್/5.6 ಅನ್ನೋದು ಎಫ್/11.

ಕೋಟೆಗುಡ್ಡ_ಬಳ್ಳಾರಿ

ಎಫ್/22ರಲ್ಲಿ ಈಗಾಗಲೇ ತೆಗೆದಿರೋ ಫುಟೇಜ್ ಎಡಿಟಿಂಗ್‌ನಲ್ಲಿ ಶಾರ್ಪ್ ಮಾಡಿ ಉಳಿಸಬಹುದಾ? ಇನ್ನೊಂದು, ಎಫ್/22ರ ಆಕಾಶದಲ್ಲಿ ಬೂದು ಚುಕ್ಕೆ ಕಾಣ್ತಾವೆ, ಅದೂ ಡಿಫ್ರಾಕ್ಷನ್ನಾ?

ಸೋನಾಮಸೂರಿ_ರಾಯಚೂರು

ಚುಕ್ಕೆ ಸೆನ್ಸರ್ ಮೇಲಿನ ಧೂಳು. ಅಪರ್ಚರ್ ದೊಡ್ಡದಿದ್ದಾಗ ಅದರ ನೆರಳು ಹರಡಿ ಕಾಣಿಸುವುದಿಲ್ಲ, ಸಣ್ಣದಾದಾಗ ನೆರಳು ಗಟ್ಟಿಯಾಗುತ್ತದೆ. ಅದಿರು ಲಾರಿ ಓಡಾಡುವ ಸಂಡೂರು ರಸ್ತೆಯಂಥ ಕಡೆ ಲೆನ್ಸ್ ಬದಲಿಸಲೇಬೇಡಿ. ಈಗ ಕ್ಯಾಮೆರಾವನ್ನು ಬಾಯಿ ಕೆಳಗಾಗಿ ಹಿಡಿದು ರಬ್ಬರ್ ಬ್ಲೋವರ್‌ನಿಂದ ಊದಿ. ಬಾಯಿಂದ ಊದಬೇಡಿ, ಎಂಜಲಿನ ಹನಿ ಕೂತರೆ ಬ್ಲೋವರ್‌ಗೆ ಬಿಡುವುದಿಲ್ಲ.

ಫುಟೇಜ್ ವಿಷಯ. 4ಕೆ ಟೈಮ್‌ಲೈನ್‌ನಲ್ಲಿ ಶಾರ್ಪ್ ಮಾಡಿ ಪ್ರಯೋಜನವಿಲ್ಲ, ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆ. ಫುಲ್ ಎಚ್‌ಡಿ ಟೈಮ್‌ಲೈನ್‌ಗೆ ಹಾಕಿ, ಅಲ್ಲಿ ಶೇಕಡ 40 ಉಳಿದಿದೆ, ಅದನ್ನು ಎತ್ತಬಹುದು. ಡಾವಿಂಚಿ ರಿಸಾಲ್ವ್‌ನಲ್ಲಿ ಬ್ಲರ್ ಪ್ಯಾಲೆಟ್‌ನ ರೇಡಿಯಸ್ 0.50ರಿಂದ 0.48, 0.47ಕ್ಕೆ ಇಳಿಸಿ ನೋಡಿ. ಗುಡ್ಡದ ಅಂಚು ಆಕಾಶಕ್ಕೆ ತಾಗುವ ಕಡೆ ಬಿಳಿ ಗೆರೆ ಹುಟ್ಟಿದ ಕೂಡಲೇ ನಿಲ್ಲಿಸಿ, ಅರ್ಧ ಹೆಜ್ಜೆ ಹಿಂದೆ ಬನ್ನಿ. 8 ಬಿಟ್ ಫೈಲ್ ಆದರೆ ನಾಯ್ಸ್ ಜೊತೆ ಕಂಪ್ರೆಷನ್ ಚೌಕಗಳೂ ಮೇಲೇಳುತ್ತವೆ. ಮತ್ತೆ ಶೂಟ್ ಮಾಡುವ ಅವಕಾಶವಿದ್ದರೆ ಮತ್ತೆ ಶೂಟ್ ಮಾಡುವುದೇ ಸರಿ.

ಕೋಟೆಗುಡ್ಡ_ಬಳ್ಳಾರಿ

ಎನ್‌ಡಿ8, ಎನ್‌ಡಿ64 ಎರಡೂ ತಗೋತೀನಿ. ಮುಂದೆ ಬೇರೆ ಲೆನ್ಸ್ ಬಂದ್ರೆ ಫಿಲ್ಟರ್ ಕೂರದೇ ಹೋದ್ರೆ?

ಎಡದಂಡೆ_ಮುನಿರಾಬಾದ್

ಲೆನ್ಸಿನ ಮುಂಭಾಗದಲ್ಲಿ ಸೊನ್ನೆಗೆ ಅಡ್ಡಗೆರೆ ಎಳೆದ ಗುರುತಿನ ಪಕ್ಕ ಮಿ.ಮೀ. ಸಂಖ್ಯೆ ಇರುತ್ತದೆ. ಕಿಟ್ ಲೆನ್ಸ್‌ಗಳಲ್ಲಿ ಅದು ಕಂಪನಿಯಿಂದ ಕಂಪನಿಗೆ ಬೇರೆ. ಆ ಅಳತೆಗೆ ಫಿಲ್ಟರ್ ಕೊಳ್ಳಬೇಡಿ. 77 ಮಿ.ಮೀ. ಫಿಲ್ಟರ್ ತೆಗೆದುಕೊಂಡು, ನಿಮ್ಮ ಲೆನ್ಸಿನಿಂದ 77ಕ್ಕೆ ಏರಿಸುವ ಸ್ಟೆಪ್-ಅಪ್ ರಿಂಗ್ ಒಂದು ಕೊಳ್ಳಿ. ಹೊಸ ಲೆನ್ಸ್ ಬಂದಾಗ ರಿಂಗ್ ಮಾತ್ರ ಬದಲಿಸಿದರೆ ಸಾಕು. ರಿಂಗ್ ಅಲ್ಯೂಮಿನಿಯಮ್‌ಗಿಂತ ಹಿತ್ತಾಳೆಯದ್ದಾದರೆ ಬಿಸಿಲಿನಲ್ಲಿ ಫಿಲ್ಟರ್ ಜೊತೆ ಕಚ್ಚಿಕೊಳ್ಳುವುದು ಕಡಿಮೆ. ಲೆನ್ಸ್ ಹುಡ್ ಕೂರುವುದಿಲ್ಲ, ಆದ್ದರಿಂದ ಎದುರು ಬಿಸಿಲಿದ್ದಾಗ ಫಿಲ್ಟರ್ ಮೇಲೆ ನೆರಳು ಬೀಳುವಂತೆ ಕೈಯನ್ನೋ ರಟ್ಟನ್ನೋ ಫ್ರೇಮಿನ ಹೊರಗೆ ಹಿಡಿಯಿರಿ. ಎನ್‌ಡಿ8, ಎನ್‌ಡಿ64 ಎರಡನ್ನೂ ಒಂದರ ಮೇಲೊಂದು ಹಾಕುವುದು ಬೇಡ, 18 ಮಿ.ಮೀ.ನಲ್ಲಿ ಮೂಲೆ ಕಪ್ಪಾಗಬಹುದು, ಗಾಜುಗಳ ನಡುವೆ ಪ್ರತಿಫಲನವೂ ಬರುತ್ತದೆ. ಫೋಕಸನ್ನು ಫಿಲ್ಟರ್ ಹಾಕುವ ಮೊದಲಲ್ಲ, ಹಾಕಿದ ಮೇಲೆ ಮಾಡಿ.